ನಾಗಪ್ಪನ ನಾಲ್ಕು ತಂತಿಯ ಗಿಟಾರು

1946ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ರೇಡಿಯೊ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಊರಿನಲ್ಲಿ ರೇಡಿಯೊ ಬಿಚ್ಚಿ ಜೋಡಿಸಬಲ್ಲವನು ನಾನೊಬ್ಬನೇ. ಹಾಗಾಗಿ ತಲೆ ಸ್ವಲ್ಪ ತಿರುಗಿತ್ತು ಅಂತಲೇ ಇಟ್ಟುಕೊಳ್ಳಿ. ಯಾರಾದರೂ ಎರಡು ಪ್ರಶ್ನೆ ಕೇಳಿದರೆ ಮೂರನೆಯದಕ್ಕೆ ರೇಗುತ್ತಿದ್ದೆ.

ಒಂದು ದಿನ ನೇಕಾರ ನಾಗಪ್ಪ ಗೋಣಿಯಲ್ಲಿ ಸುತ್ತಿದ ವಾದ್ಯವೊಂದನ್ನು ಹೊತ್ತು ತಂದ. ಯುದ್ಧದ ಕಾಲದಲ್ಲಿ ಅವನು ಮಿಲಿಟರಿ ಕ್ಯಾಂಪಿನಲ್ಲಿ ಡೇರೆ ಹೊಲಿಯುತ್ತಿದ್ದ. ಯುದ್ಧ ಮುಗಿದು ತನ್ನ ದೇಶಕ್ಕೆ ಹೊರಟ ಬಿಳಿ ಸಿಪಾಯಿಯೊಬ್ಬ ಆಳೆತ್ತರದ ಮುರುಕು ಪಿಟೀಲನ್ನು ಅವನಿಗೆ ಬಿಟ್ಟುಹೋಗಿದ್ದನಂತೆ. ಅದರ ಕತ್ತನ್ನು ಮಾತ್ರ ಉಳಿಸಿಕೊಂಡು, ಬಡಗಿಯಿಂದ ಹಲಗೆ ಕೂಡಿಸಿ, ನಾಲ್ಕು ಉಕ್ಕಿನ ತಂತಿ ಬಿಗಿಸಿ, ಗಿಟಾರಿನಂತೆ ಅಡ್ಡ ಹಿಡಿದು ಬಾರಿಸುವ ಹಾಗೆ ಮಾಡಿಸಿದ್ದ. ಬರೀ ಹಲಗೆಯಾದ್ದರಿಂದ ನಾದ ಹೊರಡುತ್ತಿರಲಿಲ್ಲ.

"ಕರೆಂಟ್ ಕೊಟ್ಟು ಇದರ ಬಾಯಿ ಬಿಡಿಸಿ ಸ್ವಾಮಿ. ಆಯುಧಪೂಜೆ ದಿನ ಮಗ್ಗದ ಮನೇಲಿ ಭಜನೆಗೆ ಬಾರಿಸ್ಬೇಕು" ಅಂದ.

ಮಿಲಿಟರಿ ಹೆಡ್‌ಫೋನೊಂದನ್ನು ಬಿಚ್ಚಿ, ಅದರ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಕಾಯಿಲನ್ನು ತಂತಿಗಳ ಕೆಳಗೆ ಕೂರಿಸಿದೆ. ಇದಕ್ಕೆ ಪಿಕಪ್ ಅನ್ನುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಕಾಯಿಲಿನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ವಾಲ್ಯೂಮ್ ಕಂಟ್ರೋಲ್ ಮೂಲಕ ಒಂದು ಹಳೇ ರೇಡಿಯೊಗೆ ಕೊಟ್ಟೆ. ನಾದದ ಜೊತೆಗೆ ಗುಂಯ್ ಅನ್ನುವ ಹಮ್ ಕೂಡ ಬಂತು. ಅದನ್ನು ಅಡಗಿಸಲು ತಂತಿಗಳಿಂದ ಒಂದು ವೈರ್ ಎಳೆದು ರೇಡಿಯೊದ ಚಾಸಿಗೆ, ಅಂದರೆ ಒಳಗಿನ ಲೋಹದ ತಟ್ಟೆಗೆ, ಬೆಸುಗೆ ಹಾಕಿದೆ. ಹಮ್ ನಿಂತಿತು.

ಆ ರೇಡಿಯೊದಲ್ಲಿ ಕರೆಂಟಿನ ಲೈನನ್ನು ಸೆಟ್ಟಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಅಂಥ ಸೆಟ್ಟಿನಲ್ಲಿ ಲೈನಿನ ಎರಡು ವೈರ್‌ಗಳಲ್ಲಿ ಒಂದು ನೇರವಾಗಿ ಚಾಸಿಗೇ ಸೇರಿರುತ್ತದೆ. ಪ್ಲಗ್ ಒಂದು ಕಡೆಯಿಂದ ಚುಚ್ಚಿದರೆ ಏನೂ ಆಗದು, ತಿರುಗಿಸಿ ಚುಚ್ಚಿದರೆ ಚಾಸಿಯಲ್ಲೂ ಅದಕ್ಕೆ ಸೇರಿಸಿದ ತಂತಿಗಳಲ್ಲೂ 230 ವೋಲ್ಟ್ ನಿಂತಿರುತ್ತದೆ. ಎರಡು ಪಿನ್ನಿನ ಪ್ಲಗ್ಗು ಹೇಗೆ ಬೇಕಾದರೂ ಒಳಗೆ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಬೂಟು ಹಾಕಿಕೊಂಡು ಮರದ ಹಲಗೆಯ ಮೇಲೆ ನಿಂತು ಪರೀಕ್ಷೆ ಮಾಡಿ, ಸರಿಯಿದೆ ಅಂತ ರೇಡಿಯೊ ಸಮೇತ ಕಳಿಸಿಬಿಟ್ಟೆ. ಮಗ್ಗದ ಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ ಅನ್ನುವುದು ಆ ಊರಲ್ಲಿದ್ದೂ ನನಗೆ ಹೊಳೆಯಲಿಲ್ಲ.

ವಾರ ಕಳೆದ ಮೇಲೆ ನಾಗಪ್ಪ ಎಲೆ ಅಡಿಕೆ ಹಿಡಿದು ಬಂದ. "ಏನ್ ಕೈ ಸ್ವಾಮಿ ನಿಮ್ದು! ಬಾರಿಸ್ತಾ ಇದ್ರೆ ಮೈಯೆಲ್ಲ ಜುಮ್ ಅಂತದೆ" ಅಂದ.

ಒಳ್ಳೆಯ ಸಂಗೀತ ಕೇಳಿದಾಗ ಎಲ್ಲರೂ ಹೇಳುವ ಮಾತು. ನಾನು ಉಬ್ಬಿಹೋದೆ. ಎಲೆ ಹಾಕಿಕೊಂಡು ನಾಲ್ಕು ಜನರ ಮುಂದೆ ಆ ಮಾತನ್ನು ಇನ್ನೊಮ್ಮೆ ಅವನ ಬಾಯಲ್ಲೇ ಹೇಳಿಸಿದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಆಯುಧಪೂಜೆಯ ಬೆಳಿಗ್ಗೆ ಅವನ ಹೆಂಡತಿ ಲಕ್ಷ್ಮಕ್ಕ ಪೂಜೆಗೆ ಕರೆಯಲು ಅಂಗಡಿಗೆ ಬಂದಳು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಅಣ್ಣಾ, ನಿನ್ನೆ ಅದನ್ನ ಒದ್ದೆ ಬಟ್ಟೇಲಿ ಒರೆಸೋಕೆ ಹೋದೆ. ನಂಗೂ ಜುಮ್ ಅಂತು. ಮೊಣಕೈ ತನಕ ಹಿಡ್ಕೊಂಡ್ಬಿಡ್ತು. ನಂಗೇನು ಸಂಗೀತ ಬರ್ತದಾ?"

"ನೆಲ ತೊಳೆದಿದ್ದೀರಾ?" ಅಂದೆ.

"ಪೂಜೆ ದಿನ ತೊಳೀದೆ ಇರ್ತೀವಾ? ಮಗ್ಗದ ಮನೆಯೆಲ್ಲ ನೀರು. ಅವರು ಆಗ್ಲೇ ಬಾರಿಸೋಕೆ ಕೂತ್ರು."

ಒಣ ನೆಲದ ಮೇಲೆ ಜುಮ್ ಅನ್ನುವುದು ಒದ್ದೆ ನೆಲದ ಮೇಲೆ ಜೀವ ತೆಗೆಯುತ್ತದೆ. ಎರಡು ಬೀದಿ ಓಡಿದೆ. ನಾನು ಅಡಗಿಸಿದ್ದ ಹಮ್ ದೂರದಿಂದಲೇ ಮತ್ತೆ ಕೇಳಿಸುತ್ತಿತ್ತು. ಅದರಲ್ಲಿ ಸ್ವರವೂ ಇರಲಿಲ್ಲ, ತಾಳವೂ ಇರಲಿಲ್ಲ. ಒಳಗೆ ಹೋದರೆ ಭಜನೆ ನಿಂತಿದೆ. ನಾಗಪ್ಪ ಒದ್ದೆ ನೆಲದ ಮೇಲೆ ಕೂತು, ಕಣ್ಣು ಮೇಲೆ ಮಾಡಿ, ಹಲ್ಲು ಕಚ್ಚಿ ನಡುಗುತ್ತಿದ್ದಾನೆ. ಎಡಗೈ ನಾಲ್ಕೂ ತಂತಿಗಳನ್ನು ಮುಷ್ಟಿಯಲ್ಲಿ ಹಿಡಿದಿದೆ. ಸುತ್ತಲಿದ್ದವರು ಮೈಮೇಲೆ ದೇವರು ಬಂತು ಅಂದುಕೊಂಡು ಕೈಮುಗಿದು ನಿಂತಿದ್ದರು. ಒಬ್ಬಾಕೆ ಆರತಿ ತರಲು ಹೊರಟಿದ್ದಳು.

ನಾನು ವೈರ್ ಹಿಡಿದು ಜಗ್ಗಿದೆ. ಪ್ಲಗ್ ಗೋಡೆಯಿಂದ ಕಿತ್ತು ಬಂತು. ನಾಗಪ್ಪ ಪಕ್ಕಕ್ಕೆ ಉರುಳಿದ. ಸುಟ್ಟ ಚರ್ಮದ ವಾಸನೆ ಬಂದಾಗಲೇ ಉಳಿದವರಿಗೆ ಅರ್ಥವಾದದ್ದು.

ಜೀವ ಉಳಿಯಿತು. ಎಡಗೈಯ ಎರಡು ಬೆರಳು ಮಾತ್ರ ಮಡಚಿಕೊಂಡೇ ಉಳಿದವು. ನೂಲು ಹರಿದಾಗ ಎಳೆಗೆ ಎಳೆ ಸೇರಿಸಿ ಗಂಟು ಹಾಕುವ ಬೆರಳುಗಳು ಅವು. ಅವನು ಮತ್ತೆ ಮಗ್ಗಕ್ಕೆ ಕೂರಲಿಲ್ಲ, ಲಕ್ಷ್ಮಕ್ಕ ಕೂತಳು. ಆಸ್ಪತ್ರೆಯಲ್ಲಿ ನಾನು ಮಂಚದ ಪಕ್ಕ ತಲೆ ತಗ್ಗಿಸಿ, "ತಪ್ಪು ನಂದು ನಾಗಪ್ಪ" ಅಂದೆ. ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಾನು ಹೇಳಿದ್ನಲ್ಲ ಸ್ವಾಮಿ, ಜುಮ್ ಅಂತದೆ ಅಂತ" ಅಂದ, ಅಷ್ಟೆ.

ಆಮೇಲೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ. ಗಿರಾಕಿ ದೂರು ತಂದರೆ ನಾನು ಹೆದರುತ್ತಿರಲಿಲ್ಲ, ದೂರಿನಲ್ಲಿ ಏನು ಕೆಟ್ಟಿದೆ ಅನ್ನುವುದು ಇರುತ್ತದೆ. ಯಾರಾದರೂ ಹೊಗಳಿದರೆ ಮಾತ್ರ ಕೈಲಿದ್ದ ಕೆಲಸ ಕೆಳಗಿಟ್ಟು, "ಏನಾಯ್ತು, ಸರಿಯಾಗಿ ಹೇಳಿ" ಅಂತ ಕೂರಿಸಿಕೊಂಡು ಕೇಳುತ್ತಿದ್ದೆ.