ವಾರಿಜ ಚಿಕ್ಕಮ್ಮ ಮುಟ್ಟಿದ ಮಲ್ಲಿಗೆ

ಮಲ್ಲಿಗೆಯೆಂದರೆ ನಿಮಗೆ ಮದುವೆಯ ಚಪ್ಪರವೋ ದೇವರ ಕೋಣೆಯೋ ನೆನಪಾಗಬಹುದು. ನನಗೆ ಮೊದಲು ಮೂಗಿಗೆ ಬಡಿಯುವುದು ಕೊಳೆತ ನೆಲಗಡಲೆ ಹಿಂಡಿಯ ವಾಸನೆ. ಮೊನ್ನೆ ಪಕ್ಕದ ಮನೆಯವರು ತಾರಸಿಯ ಗಿಡಗಳಿಗೆಂದು ಹಿಂಡಿ ನೆನೆಸಿಟ್ಟಿದ್ದರು. ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ ನಾನು ಮಾತ್ರ ಕಾಂಪೌಂಡಿಗೆ ಒರಗಿ ಹುಚ್ಚಿಯ ಹಾಗೆ ಎಳೆದೆಳೆದು ಉಸಿರಾಡಿದೆ. ಶಂಕರಪುರದ ನಮ್ಮ ಅಜ್ಜಿಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯ ಪಕ್ಕ, ಇದೇ ವಾಸನೆಯ ಮಣ್ಣಿನ ಬಾನಿಯೊಂದು ಇರುತ್ತಿತ್ತು. ಅದರ ತಿಳಿಯನ್ನು ತಂಬಿಗೆಯಲ್ಲಿ ಮೊಗೆದು ಒಂದೊಂದೇ ಗಿಡದ ಬುಡಕ್ಕೆ ಎರೆಯುತ್ತಿದ್ದವಳು ನನ್ನ ಅಮ್ಮನ ತಂಗಿ, ವಾರಿಜ ಚಿಕ್ಕಮ್ಮ. ಆ ಬಾನಿಯಾಗಲಿ ಆ ಹಿತ್ತಿಲಾಗಲಿ ಈಗ ಇಲ್ಲ. ಚಿಕ್ಕಮ್ಮನೂ ಇಲ್ಲ.

ಎಪ್ಪತ್ತರ ದಶಕದ ಮಾತು. ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಕಾರಣ ಅಮ್ಮ ಮತ್ತು ನಾನು ಅಜ್ಜಿಯ ಜೊತೆಗೇ ಇದ್ದೆವು. ಮಲ್ಲಿಗೆ ನೋಡುವುದಕ್ಕೆ ಸೊಂಟದೆತ್ತರದ, ಸಾಧು, ಪಾಪದ ಗಿಡ. ಆದರೆ ಮನೆಯ ಯಜಮಾನಿಕೆಯೆಲ್ಲ ಅದರದ್ದೇ. ಬಿಸಿಲೇರುವ ಮೊದಲು ಮೊಗ್ಗು ಕೊಯ್ಯಬೇಕು, ಒದ್ದೆ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು, ಹೂವಿನವನು ಉಡುಪಿಯ ಬಸ್ಸು ಹಿಡಿಯುವ ಮೊದಲು ಅವನ ಕೈಗೆ ಕೊಡಬೇಕು. ನಾಳೆ ನೋಡುವ ಎಂದರೆ ಮೊಗ್ಗು ಕೇಳುತ್ತದೆಯೇ? ಹಾಗಾಗಿ ನಮ್ಮ ಮನೆಯ ಹೆಂಗಸರು ನೆಂಟರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದು ನನಗೆ ನೆನಪಿಲ್ಲ. ಕಾಪುವಿನ ಸಮುದ್ರ ಅಷ್ಟು ಹತ್ತಿರವಿದ್ದರೂ ಚಿಕ್ಕಮ್ಮ ಅದನ್ನು ನೋಡಿದ್ದು ಸಣ್ಣವಳಿದ್ದಾಗ ಒಮ್ಮೆ ಮಾತ್ರವಂತೆ. ಅವಳಿಗೆ ಬಿಡುವು ಸಿಗುತ್ತಿದ್ದದ್ದು ತಿಂಗಳಿಗೆ ಮೂರು ದಿನ, ಹೊರಗೆ ಕೂತಾಗ. ಮುಟ್ಟಾದವಳ ಕೈ ತಾಗಿದರೆ ಮಲ್ಲಿಗೆ ಗಿಡ ಸುಟ್ಟುಹೋಗುತ್ತದೆ ಎಂದು ನಾವೆಲ್ಲ ಗಟ್ಟಿಯಾಗಿ ನಂಬಿದ್ದೆವು. ಆ ಮೂರು ದಿನ ಅವಳು ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು, ಕೂದಲು ಬಿಚ್ಚಿ, ನಿಧಾನವಾಗಿ ಬಾಚಿಕೊಳ್ಳುತ್ತಿದ್ದಳು. ಅವಳು ಎಷ್ಟು ಚೆಂದ ಇದ್ದಾಳೆಂದು ನನಗೆ ಕಾಣುತ್ತಿದ್ದದ್ದು ಆಗಲೇ.

ಒಂದು ವರ್ಷ ಕುಕ್ಕುಂದೂರಿನಿಂದ ಹೆಣ್ಣು ನೋಡಲು ಬಂದರು. ಹುಡುಗನಿಗೆ ಕಾರ್ಕಳದಲ್ಲಿ ಸಣ್ಣದೊಂದು ಸೈಕಲ್ ರಿಪೇರಿ ಅಂಗಡಿ. ಆತ ತಿಂಡಿಯ ತಟ್ಟೆ ಬದಿಗಿಟ್ಟು, ಎಲ್ಲರೆದುರೇ, "ನಿಮಗೆ ಎಂತ ಇಷ್ಟ?" ಎಂದು ಕೇಳಿಬಿಟ್ಟಿದ್ದ. ಚಿಕ್ಕಮ್ಮನಿಗೆ ಉತ್ತರವೇ ಹೊಳೆದಿರಲಿಲ್ಲ. ಆಮೇಲೆ ಹೂ ಕಟ್ಟುವಾಗೆಲ್ಲ ಅದನ್ನೇ ನನಗೆ ಹೇಳಿ ಹೇಳಿ ನಗುತ್ತಿದ್ದಳು. ಎರಡೂ ಕಡೆಯವರಿಗೆ ಒಪ್ಪಿಗೆಯಾಯಿತು. ಆದರೆ ಅಜ್ಜಿ ದಿನ ಇಡಲು ಬಿಡಲಿಲ್ಲ. "ಈಗ ಹೂವಿನ ಸಮಯ. ಇವಳು ಹೋದರೆ ಕಟ್ಟುವವರು ಯಾರು ಉಂಟು? ಸ್ವಲ್ಪ ಕಮ್ಮಿಯಾಗಲಿ, ನೋಡುವ." ಹೂವಿಗೆ ಬೇಡಿಕೆ ಇರುವುದೇ ಮದುವೆಗಳ ತಿಂಗಳಲ್ಲಿ. ಹೂವು ಕಮ್ಮಿಯಾಗುವ ಹೊತ್ತಿಗೆ ಮಳೆ ಹಿಡಿಯುತ್ತದೆ, ಹಿಂದೆಯೇ ಆಟಿ ತಿಂಗಳು ಬರುತ್ತದೆ, ಆಟಿಯಲ್ಲಿ ಮದುವೆಯಿಲ್ಲ. ಜಿಲ್ಲೆಯ ಮದುಮಗಳಂದಿರಿಗೆಲ್ಲ ಹೂ ಕಟ್ಟಿಕೊಡುವ ಮನೆಯಲ್ಲಿ ಮದುವೆಗೆಂದು ಒಂದು ತಿಂಗಳೂ ಉಳಿದಿರಲಿಲ್ಲ. ಹಿಂದಿನ ಸಂಬಂಧಗಳೂ ತಪ್ಪಿಹೋದದ್ದು ಹೀಗೆಯೇ. ಕುಕ್ಕುಂದೂರಿನವರು ಮಾತ್ರ ಈ ಬೇಸಗೆಯಲ್ಲೇ ಆಗಬೇಕು, ಇಲ್ಲವಾದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದರು.

ಆ ವಾರವೇ ಚಿಕ್ಕಮ್ಮ ಹೊರಗಾದಳು. ಮಧ್ಯಾಹ್ನ ಊಟವಾಗಿ ಅಜ್ಜಿ, ಅಮ್ಮ ಮಲಗಿದ್ದರು. ನಾನು ಪೇರಳೆ ಮರದ ಮೇಲಿದ್ದೆ. ಚಿಕ್ಕಮ್ಮ ಜಗಲಿಯಿಂದಿಳಿದು ನೇರ ಮಲ್ಲಿಗೆ ಸಾಲಿನೊಳಗೆ ನಡೆದಳು. ಒಂದೊಂದು ಗಿಡದ ಮುಂದೆಯೂ ನಿಂತು, ಎರಡೂ ಕೈಯಲ್ಲಿ ಗೆಲ್ಲುಗಳನ್ನು ಬಾಚಿ ಹಿಡಿದು, ಬುಡದಿಂದ ತುದಿಯವರೆಗೆ ಸವರಿದಳು. ಒಂದನ್ನೂ ಬಿಡಲಿಲ್ಲ. ನಾಳೆ ಗಿಡಗಳೆಲ್ಲ ಕರಟಿಹೋಗುತ್ತವೆ, ಅಜ್ಜಿ ಸಿಗಿದುಹಾಕುತ್ತಾಳೆ, ಚಿಕ್ಕಮ್ಮ ಮದುವೆಯಾಗಿ ಹೋಗುತ್ತಾಳೆ, ಮೂರೂ ನನಗೆ ಒಟ್ಟಿಗೆ ಹೊಳೆದವು. ಮರದ ಮೇಲಿದ್ದ ನನ್ನನ್ನು ಕಂಡು ಅವಳು ಬಾಯಿಗೆ ಬೆರಳಿಟ್ಟಳು. "ಯಾರಿಗೂ ಹೇಳಬೇಡ ಮಗ. ಇವು ಸತ್ತರೆ ನಾನು ಹೋಗಬಹುದು."

ಮರುದಿನ ಗಿಡಗಳು ಹಾಗೆಯೇ ಇದ್ದವು. ಅದರ ಮರುದಿನ ಎಲೆಯೇ ಕಾಣದಷ್ಟು ಮೊಗ್ಗು. ಬುಟ್ಟಿ ಸಾಲದೆ ಅಮ್ಮ ಸೀರೆಯ ಸೆರಗಿನಲ್ಲಿ ತುಂಬಿಕೊಂಡು ಬಂದಳು. ಅಜ್ಜಿ ಮೊಗ್ಗಿನ ರಾಶಿಯೆದುರು ಕೂತು, "ಇಂಥ ಹೂವು ಬಿಟ್ಟು ಯಾರಾದರೂ ಮದುವೆ ಮಾಡುತ್ತಾರಾ ಮಾರಾಯ್ತಿ? ಬರುವ ವರ್ಷ ಅಂತ ಅವರಿಗೆ ಹೇಳಿ ಕಳಿಸುವ," ಎಂದು ಅಮ್ಮನಿಗೆ ಹೇಳಿದಳು. ಜಗಲಿಯಲ್ಲಿದ್ದ ಚಿಕ್ಕಮ್ಮನಿಗೂ ಅದು ಕೇಳಿಸಿತು. ಅವಳು ಅಳಲಿಲ್ಲ. ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನನಗೇ ಅಳು ಬಂತು. ಸ್ನಾನವಾದ ದಿನ ಅವಳು ಎಂದಿನಂತೆ ನಾರು ಸೀಳಿಕೊಂಡು ಕೂತಳು. ಕುಕ್ಕುಂದೂರಿನ ಹುಡುಗನಿಗೆ ಆ ಬೇಸಗೆಯಲ್ಲೇ ಬೇರೆ ಕಡೆ ಮದುವೆಯಾಯಿತು.

ಅಜ್ಜಿ ತೀರಿಕೊಂಡದ್ದು ಎಂಬತ್ತರ ದಶಕದಲ್ಲಿ; ನಿಟ್ಟೆಯ ಹಾಸ್ಟೆಲಿನಲ್ಲಿದ್ದ ನಾನು ಸುದ್ದಿ ತಿಳಿದು ಮನೆಗೆ ಬಂದೆ. ಸೂತಕವೆಂದು ಯಾರೂ ಮಲ್ಲಿಗೆಯ ಕಡೆ ಹೋಗಲಿಲ್ಲ. ಮೊಗ್ಗುಗಳೆಲ್ಲ ಗಿಡದಲ್ಲೇ ಅರಳಿ, ಕಂದಿ, ಉದುರಿದವು. ಇನ್ನು ಬೇಡವೆನ್ನುವವರು ಯಾರೂ ಇಲ್ಲ, ಚಿಕ್ಕಮ್ಮನನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಬೇಕೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಸೂತಕ ಕಳೆಯುವ ಬೊಜ್ಜದ ಕ್ರಿಯೆ ಮುಗಿದ ಮರುದಿನ ಎದ್ದು ನೋಡಿದರೆ ಅವಳ ಚಾಪೆ ಖಾಲಿ. ಹಿತ್ತಿಲಲ್ಲಿ ಬುಟ್ಟಿ ಹಿಡಿದು ಮೊಗ್ಗು ಕೊಯ್ಯುತ್ತಿದ್ದಳು.

"ಇನ್ನು ಬಿಡಬಹುದಲ್ವಾ ಚಿಕ್ಕಮ್ಮ?" ಎಂದೆ.

ಅವಳ ಕೈ ನಿಲ್ಲಲಿಲ್ಲ. "ಬಿಟ್ಟು ಎಲ್ಲಿಗೆ ಹೋಗುವುದು ಮಗ?" ಎಂದಳು.

ಹಾಗೆ ಕೇಳಿದ್ದು ಕೋಪದಿಂದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಹೇಳಬಹುದೇನೋ ಎಂದು ನನ್ನ ಮುಖ ನೋಡಿದಳು.