ತಾನಾಗೇ ಅಂಕಲ್
ಮಹಡಿ ಮನೆಯ ನಿವೃತ್ತ ಇಂಜಿನಿಯರಿಗೆ ಕೆಳಗಿನ ಮನೆಯ ಬಾಣಂತಿ ಮನಸ್ಸಿನಲ್ಲೇ ಇಟ್ಟ ಹೆಸರು ತಾನಾಗೇ ಅಂಕಲ್. ಗೇಟಿನ ಪಕ್ಕ ಒಂದು ಹೊಂಗೆ ಸಸಿ ನೆಟ್ಟದ್ದೇ ತಡ, ಇಡೀ ಬೀದಿಗೆ ತಾವೇ ನೆರಳು ಹಾಸಿದವರಂತೆ ಅವರು ಎದೆಯುಬ್ಬಿಸಿ ಓಡಾಡತೊಡಗಿದರು. ಸಸಿಯಿನ್ನೂ ಮೊಣಕಾಲೆತ್ತರ, ಭಾಷಣ ಮಾತ್ರ ಮಾರುದ್ದ. "ಗಟ್ಟಿ ಜಾತಿ ಕಣಮ್ಮ ಇದು, ಆರೈಕೆಯೇ ಬೇಡ. ತಾನಾಗೇ ಬೆಳೆಯುತ್ತೆ!" ಜ್ವರದ ಮಗುವನ್ನೆತ್ತಿಕೊಂಡು ಅವಳು ಕಂಗಾಲಾಗಿ ಆಟೋಗೆ ಕಾಯುತ್ತಿದ್ದಾಗಲೂ ಅದೇ ರಾಗ: "ತಾನಾಗೇ ಇಳಿಯುತ್ತೆ ಬಿಡು." ಹೆಂಡತಿ ಕೆಮ್ಮಿದರೆ, "ಅವಳದ್ದು ಗಟ್ಟಿ ಜೀವ, ತಾನಾಗೇ ಹೋಗುತ್ತೆ." ಆ ಆಂಟಿ ದಿನಾ ಬೆಳಗ್ಗೆ ತರಕಾರಿ ತೊಳೆದ ನೀರಿನ ಬಕೆಟ್ಟು ಹಿಡಿದು, ಕೆಮ್ಮುತ್ತ ಮೆಟ್ಟಿಲಿಳಿದು ಸಸಿಯ ಪಾತಿಗೆ ಸುರಿಯುವಾಗ, ಸಾಹೇಬರು ಮೇಲೆ ಪೇಪರಿನಲ್ಲಿ ಮುಳುಗಿರುತ್ತಿದ್ದರು; ಒಂದು ಚೊಂಬು ನೀರಿಗೂ ಕೈ ಒದ್ದೆ ಮಾಡಿಕೊಂಡವರಲ್ಲ. ಕೆಮ್ಮು ತಾನಾಗೇ ಹೋಗಲಿಲ್ಲ, ಆಂಟಿ ಆಸ್ಪತ್ರೆ ಸೇರಿದರು. ಬಿಸಿಲಿಗೆ ವಾರದೊಳಗೆ ಹೊಂಗೆಯ ಎಲೆಗಳೆಲ್ಲ ಜೋತುಬಿದ್ದವು. "ಏನಂಕಲ್, ಗಟ್ಟಿ ಜಾತಿ ಅಂದಿದ್ರಲ್ಲ?" ಎಂಬ ಮಾತನ್ನು ಅವಳು ದಿನಗಟ್ಟಲೆ ಸಾಣೆ ಹಿಡಿದು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳು. ಇವತ್ತು ಬಾಗಿಲು ತೆರೆದರೆ ಅಂಕಲ್ಲೇ ನಿಂತಿದ್ದರು, ಕೈಯಲ್ಲಿ ಅದೇ ಬಕೆಟ್ಟು, ಪ್ಯಾಂಟೆಲ್ಲ ಒದ್ದೆ. "ಆಸ್ಪತ್ರೇಲಿ ಕಣ್ಣು ಬಿಟ್ಟಾಗೆಲ್ಲ ಸಸಿ ಹೇಗಿದೆ ಅಂತಾಳಮ್ಮ. ದಿನಾ ಎಷ್ಟು ನೀರು ಹಾಕ್ತಿದ್ಲು? ನೀನು ನೋಡಿರ್ತೀಯಲ್ಲ... ನಾನು ಒಂದು ದಿನಾನೂ ನೋಡಿಲ್ಲ."