ನ್ಯಾಟ್ ವಿಮಾನದೊಳಗೆ ಕೂತ ಮಧ್ಯಾಹ್ನ

ಅಪ್ಪ ತೀರಿಕೊಂಡ ಮರುವರ್ಷ ಅವ್ವ ಕಾಶಿಗೆ ಬಂದಳು. ಇನ್ನು ಈ ಊರಿನ ಎಲ್ಲೆ ದಾಟುವುದಿಲ್ಲ, ಇಲ್ಲೇ ಪ್ರಾಣ ಬಿಡುತ್ತೇನೆ ಎಂದು ಗಂಗೆಯಲ್ಲಿ ನಿಂತು ಸಂಕಲ್ಪ ಮಾಡಿದಳು. ಜೊತೆಗಿರಲು ಯಾರಾದರೂ ಬೇಕಿತ್ತು. ಅಣ್ಣಂದಿರಿಗೆ ಸಂಸಾರವಿತ್ತು, ನನಗಿರಲಿಲ್ಲ. ಕೆಲವು ತಿಂಗಳ ಮಟ್ಟಿಗೆಂದು ಬಂದವಳು ಸೋನಾರ್‌ಪುರದ ಗಲ್ಲಿಯ ಎರಡು ಕೋಣೆಗಳಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟೆ. ಕಾಶಿಯದೇ ಲಂಕಾ ಎಂಬ ಬಡಾವಣೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸವೂ ಸಿಕ್ಕಿತು. ವ್ರತ ಅವ್ವನದು, ಎಲ್ಲೆ ಮಾತ್ರ ಇಬ್ಬರಿಗೂ ಬಿತ್ತು.

ಅಪ್ಪ ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದ ಇಂಜಿನ್ ಬಿಚ್ಚಿ ಜೋಡಿಸುವುದರಲ್ಲೇ ಅವರ ಆಯುಷ್ಯದ ಹೆಚ್ಚು ಭಾಗ ಕಳೆಯಿತು. ಅದು ಎಷ್ಟು ಸಣ್ಣದೆಂದರೆ, ಹತ್ತಲು ಏಣಿ ಬೇಡ, ಸ್ಟೂಲು ಸಾಕು ಎಂದು ನಗುತ್ತಿದ್ದರು. ಅವರು ಹೋದ ಮೇಲೆ ನನಗೆ ಹಳೆಯ ಯುದ್ಧವಿಮಾನಗಳನ್ನು ಹುಡುಕಿಕೊಂಡು ಹೋಗಿ ನೋಡುವ ಹುಚ್ಚು ಹತ್ತಿತು. ಸೆಕೆಂಡ್ ಹ್ಯಾಂಡ್ ಮೋಟಾರ್‌ಸೈಕಲ್ ಕೊಂಡೆ. ರಜೆ ಇದ್ದ ಭಾನುವಾರ ಬೆಳಗಾಗುವ ಮೊದಲೇ ಹೊರಟು, ಯಾವುದಾದರೂ ಸಂಗ್ರಹಾಲಯದ ಅಂಗಳದಲ್ಲೋ ಉದ್ಯಾನದಲ್ಲೋ ನಿಲ್ಲಿಸಿಟ್ಟ ವಿಮಾನದ ಸುತ್ತ ಒಂದು ಸುತ್ತು ಹಾಕಿ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಲಖನೌದಲ್ಲೂ ಒಂದು ವಿಮಾನವಿತ್ತು, ಆದರೆ ಅಷ್ಟು ದೂರ ಹೋಗಿ ಒಂದೇ ದಿನದಲ್ಲಿ ಮರಳಲು ಆಗುತ್ತಿರಲಿಲ್ಲ. ನಾನಿಲ್ಲದಾಗ ಜೀವ ಹೋದರೆ ಬಾಯಿಗೆ ಗಂಗೆ ಬಿಡುವವರಾರು ಎಂಬುದೊಂದೇ ಅವ್ವನ ಭಯ. ದಾರಿಯುದ್ದಕ್ಕೂ ಫೋನ್ ಮಾಡುತ್ತಿದ್ದಳು. ನಾನು ಗಾಡಿ ಬದಿಗೆ ಹಾಕಿ, ಹೆಲ್ಮೆಟ್ ತೆಗೆದು, ಇದ್ದೇನೆ ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಪ್ರಯಾಗದ ದಾರಿಯಲ್ಲಿ ಒಬ್ಬರು ಖಾಸಗಿಯಾಗಿ ನಡೆಸುವ ಸಣ್ಣ ಸಂಗ್ರಹಾಲಯವೊಂದರ ಸುದ್ದಿ ಸಿಕ್ಕಿತು. ಅಲ್ಲಿ ಒಂದು ನ್ಯಾಟ್ ಇತ್ತು. ತಗಡಿನ ಚಪ್ಪರದ ಕೆಳಗೆ ನಿಂತಿದ್ದ ಅದರ ಬಣ್ಣ ಸಿಪ್ಪೆ ಎದ್ದಿತ್ತು. ನೋಡಿಕೊಳ್ಳುವವನು ನನ್ನಷ್ಟೇ ವಯಸ್ಸಿನ ಭೋಜ್‌ಪುರಿ ಮನುಷ್ಯ. ಅಪ್ಪನ ವಿಷಯ ಹೇಳಿದ್ದಕ್ಕೆ ಖುಷಿಯಾಗಿ, ಒಳಗೆ ಕೂತು ನೋಡಿ ಎಂದು ತಾನೇ ಸ್ಟೂಲು ತಂದಿಟ್ಟ.

ಕೂತೆ. ಎರಡೂ ಭುಜ ಗೋಡೆಗೆ ತಗುಲುತ್ತಿದ್ದವು. ಕಾಲ ನಡುವೆ ತುಕ್ಕು ಹಿಡಿದ ಹಿಡಿ, ಎದುರಿಗೆ ಒಡೆದ ಮೀಟರುಗಳು. ಫೋಟೋ ಚೆನ್ನಾಗಿ ಬರುತ್ತದೆ ಎಂದು ಅವನು ತಲೆಯ ಮೇಲಿನ ಗಾಜಿನಂಥ ಮುಚ್ಚಳವನ್ನು ಇಳಿಸಿದ. ಅದು ಕಟಕ್ಕೆಂದು ಕೂತಿತು. ಮತ್ತೆ ಮೇಲೇಳಲಿಲ್ಲ.

ಮೊದಲು ಇಬ್ಬರೂ ನಕ್ಕೆವು. ಅವನು ಹೊರಗಿನಿಂದ ಎಳೆದ, ನಾನು ಒಳಗಿನಿಂದ ತಳ್ಳಿದೆ. ಅವನ ನಗು ನಿಂತಿತು. ಚಪ್ಪರದ ತಗಡಿನ ಕಾವೆಲ್ಲ ಆ ಮುಚ್ಚಳದೊಳಗೆ ಇಳಿಯುತ್ತಿತ್ತು. ಬೆವರು ಕಣ್ಣಿಗೆ ಹೋಗಿ ಉರಿಯುತ್ತಿತ್ತು, ಒರೆಸಿಕೊಳ್ಳಲು ಮೊಣಕೈ ಮಡಿಸುವಷ್ಟು ಜಾಗವಿರಲಿಲ್ಲ. ಆಗ ಪ್ಯಾಂಟಿನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅವ್ವ. ಕೈ ಅಲ್ಲಿಯವರೆಗೆ ಹೋಗಲಿಲ್ಲ. ನಿಂತಿತು, ಮತ್ತೆ ಹೊಡೆದುಕೊಂಡಿತು. ಅವ್ವನಿಗೆ ಏನಾಯಿತೋ ಎಂಬುದಕ್ಕಿಂತ ಮೊದಲು, ಇಲ್ಲಿಯೂ ಬಿಡುವುದಿಲ್ಲವಲ್ಲ ಎಂಬ ಸಿಟ್ಟು ಬಂತು. ಎಷ್ಟು ಸಿಟ್ಟೆಂದರೆ ನಾನು ಕಿರುಚಿಬಿಟ್ಟೆ. ಕಿರುಚಿದ್ದು ಮುಚ್ಚಳಕ್ಕೆ ಬಡಿದು ನನ್ನ ಕಿವಿಗೇ ಬಂತು.

ಅವನು ಭಯದಿಂದ ಮುಖವನ್ನು ಗಾಜಿಗೆ ಒತ್ತಿಕೊಂಡು ನಿಂತಿದ್ದ. ನನ್ನ ಮೋಟಾರ್‌ಸೈಕಲ್ಲಿನ ಪೆಟ್ಟಿಗೆಯಲ್ಲಿ ಟೈರ್ ಬಿಚ್ಚುವ ಸಲಾಕೆ ಇದೆ, ತಾ ಎಂದು ಕೂಗಿ ಹೇಳಿದೆ. ಓಡಿಹೋಗಿ ತಂದ. ಎಲ್ಲಿ ಹಾಕಬೇಕೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸಂದಿ ಕಂಡಲ್ಲೆಲ್ಲ ತುರುಕಿ ಮೀಟಿದ. ಕೊನೆಗೆ ಒಂದು ಕಡೆ ಚಕ್ಕೆ ಹಾರಿ ಮುಚ್ಚಳ ಮೇಲೆದ್ದಿತು. ಅವನು ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿ ಇಳಿಸಿ, ಕೂರಿಸಿ, ತಲೆಗೆ ನೀರು ಸುರಿದ. “ಮಾಫ್ ಕರ್ ದೀಜಿಯೇ, ದೀದಿ” ಎಂದು ಮತ್ತೆ ಮತ್ತೆ ಕ್ಷಮೆ ಕೇಳುತ್ತಿದ್ದ.

ಕೈ ಒರೆಸಿಕೊಂಡು ಅವ್ವನಿಗೆ ಫೋನ್ ಮಾಡಿದೆ.

“ಇಂಗಿನ ಡಬ್ಬಿ ಎಲ್ಲಿಟ್ಟೀಯವಾ?” ಎಂದಳು.

ಹೇಳಿದೆ. ಸಿಕ್ಕಿತು ಎಂದು ಫೋನ್ ಇಟ್ಟಳು.

ಮನೆ ಮುಟ್ಟಿದಾಗ ಏನೂ ಹೇಳಬಾರದೆಂದೇ ಇದ್ದೆ. ಆದರೆ ತಟ್ಟೆ ಕೊಡುವಾಗ ಅವ್ವ ನನ್ನ ಮೊಣಕೈ ತರಚಿದ್ದನ್ನು ನೋಡಿ, ಗಾಡಿಯಿಂದ ಬಿದ್ದೆಯಾ ಎಂದು ಕೇಳಿದಳು. ಇಲ್ಲ ಎಂದು ಎಲ್ಲವನ್ನೂ ಹೇಳಿದೆ. ಫೋನ್ ಹೊಡೆದುಕೊಂಡಾಗ ಬಂದ ಸಿಟ್ಟನ್ನೂ ಹೇಳಿದೆ. ಅದನ್ನು ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದೆ.

ಅವ್ವ ನನ್ನ ತಟ್ಟೆಗೆ ಸಾರು ಬಡಿಸಿ, ಸೌಟನ್ನು ಪಾತ್ರೆಯಲ್ಲಿಟ್ಟಳು.

“ಇಲ್ಲಿ ಸತ್ತ್ರ ಬಿಡುಗಡೆ ಆಗ್ತದ ಅಂತ ಬಂದೆ. ನನಗ ಸಾವೂ ಬರವಲ್ದು, ನಿನಗ ಬಿಡುಗಡೀನೂ ಇಲ್ಲ” ಎಂದಳು.

ಹಾಗೆಲ್ಲ ಮಾತಾಡಬೇಡ ಎಂದೆ. ಅದು ಸುಳ್ಳು ಎಂದು ಮಾತ್ರ ಹೇಳಲಿಲ್ಲ.

ಮರುದಿನ ಅವಳೇ ಮೆಟ್ಟಿಲಿಳಿದು ಕೆಳಗಿನ ಕೋಣೆಗೆ ಹೋದಳು. ಅಲ್ಲಿ ಗದಗದ ಕಡೆಯ ಒಬ್ಬ ವಿಧವೆ ಇದ್ದರು. ಅವರೂ ಕೊನೆಗಾಲಕ್ಕೆಂದು ಬಂದವರೇ. ಮಗಳು ಊರಲ್ಲಿಲ್ಲದಾಗ ನೀವು ನನ್ನ ಬಾಯಿಗೆ ಗಂಗೆ ಬಿಡಬೇಕು, ನಿಮ್ಮ ಸರದಿ ಬಂದರೆ ನಾನು ಬಿಡುತ್ತೇನೆ ಎಂದು ಅವ್ವ ಕೇಳಿಕೊಂಡಳಂತೆ. ಅವರು ಒಪ್ಪಿ ಚಹಾ ಮಾಡಿಕೊಟ್ಟರಂತೆ. ಬಂದು ನನಗೆ ತಿಳಿಸುವಾಗ ಅವ್ವನ ಧ್ವನಿಯಲ್ಲಿ ದುಃಖವಾಗಲಿ ಸಮಾಧಾನವಾಗಲಿ ಇರಲಿಲ್ಲ. ಬೀಗದ ಕೈ ಯಾರ ಹತ್ತಿರ ಕೊಟ್ಟಿದ್ದೇನೆ ಎಂದು ಹೇಳಿದ ಹಾಗಿತ್ತು.

ಮಳೆ ಮುಗಿದ ಮೇಲೆ ಲಖನೌಗೆ ಹೋದೆ. ಅಲ್ಲಿನ ವಿಮಾನ ಬೇಲಿಯೊಳಗಿತ್ತು. ಆಚೆಯಿಂದಲೇ ನೋಡಿ, ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅವಳು ತಿಂಡಿ ತಿಂದು ನಿಧಾನವಾಗಿ ಹೊರಡು ಎಂದಳು. ಇಷ್ಟು ಹೊತ್ತಿಗೆ ಮನೆ ಸೇರಲೇಬೇಕು ಎಂದು ಯಾರೂ ಹೇಳಿರಲಿಲ್ಲ. ಆದರೂ ನಾನು ನಿಂತುಕೊಂಡೇ ಚಹಾ ಕುಡಿದು ಗಾಡಿ ತೆಗೆದೆ.